ಮೌಳಂಗಿಯ ದಂಡೆಯಲ್ಲಿ ಅರ್ಥಶಾಸ್ತ್ರ

ಮೌಳಂಗಿಯಲ್ಲಿ ಕಾಳಿ ನದಿ ಅವಸರದಲ್ಲಿರುತ್ತದೆ. ಬಂಡೆಗಳ ಸಂದಿನಲ್ಲಿ ಕವಲಾಗಿ ನೊರೆಯೆದ್ದು ನುಗ್ಗುವ ನೀರು ಸ್ವಲ್ಪ ಮುಂದೆ ಹೋಗಿ ಮತ್ತೆ ಒಂದಾಗುತ್ತದೆ. ದಾಂಡೇಲಿಯಿಂದ ಕೆಲವೇ ಕಿಲೋಮೀಟರ್ ದೂರದ ಈ ದಂಡೆಯಲ್ಲಿ ಒಂದು ಇಕೋ ಪಾರ್ಕ್ ಇದೆ. ರಜೆ ಬಂತೆಂದರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಗೋವಾ, ಬೆಂಗಳೂರಿನ ಗಾಡಿಗಳು ಇಲ್ಲಿ ಸಾಲುಗಟ್ಟುತ್ತವೆ. ಒಳಗೆ ಹೋಗಲು ಕೊಡಬೇಕಾದ ದುಡ್ಡು ತೀರ ಚಿಕ್ಕದು. ಹಾಗಾದರೆ ಈ ದಂಡೆಯ ಬೆಲೆ ಎಷ್ಟು? ವರ್ಷವಿಡೀ ಹರಿದ ಟಿಕೆಟ್‌ಗಳ ಹಣವನ್ನು ಕೂಡಿಸಿದರೆ ಬರುವಷ್ಟೆಯೇ?

ಅಷ್ಟೇ ಅಲ್ಲವೆಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಎಷ್ಟು ಎಂದು ನಂಬಿಕೆಗೆ ಅರ್ಹವಾದ ರೀತಿಯಲ್ಲಿ ಹೇಳಬೇಕಾದರೆ ಒಂದು ಕಸುಬು ಬೇಕು. ಅರ್ಥಶಾಸ್ತ್ರದಲ್ಲಿ ಅದಕ್ಕೆಂದೇ ಒಂದು ಕವಲಿದೆ. ಪದವಿಯಲ್ಲಿ ಬೇಡಿಕೆ, ಪೂರೈಕೆ, ರಾಷ್ಟ್ರೀಯ ಆದಾಯ, ಹಣ, ಸಾರ್ವಜನಿಕ ಹಣಕಾಸು ಎಂದು ಎಲ್ಲವನ್ನೂ ಸ್ವಲ್ಪಸ್ವಲ್ಪ ಓದಿದ ವಿದ್ಯಾರ್ಥಿ ಎಂ.ಎ.ಗೆ ಬಂದಾಗ, ಸಾಮಾನ್ಯವಾಗಿ ಎರಡನೆಯ ವರ್ಷದ ಹೊತ್ತಿಗೆ, ಒಂದು ಪಟ್ಟಿ ಎದುರಿಗೆ ಬರುತ್ತದೆ. ಕೃಷಿ ಅರ್ಥಶಾಸ್ತ್ರ, ಪರಿಸರ ಅರ್ಥಶಾಸ್ತ್ರ, ಅಂತರರಾಷ್ಟ್ರೀಯ ವ್ಯಾಪಾರ, ಕೈಗಾರಿಕೆ, ಬ್ಯಾಂಕಿಂಗ್, ಅರ್ಥಮಿತಿ, ಹೀಗೆ. ಯಾವುದನ್ನು ಆರಿಸುವುದು? ಹೆಚ್ಚಿನವರು ಸೀನಿಯರ್‌ಗಳನ್ನು ಕೇಳುತ್ತಾರೆ. ಅಂಕ ಎಲ್ಲಿ ಸುಲಭ, ಕೆಲಸ ಎಲ್ಲಿ ಬೇಗ ಎಂಬ ಉತ್ತರ ಸಿಗುತ್ತದೆ. ಆ ಚಿಂತೆ ತಪ್ಪೇನಲ್ಲ. ಆದರೂ ಪ್ರತಿ ಕವಲಿಗೂ ತನ್ನದೇ ಆದ ಒಂದು ಪ್ರಶ್ನೆ ಇದೆ, ಆ ಪ್ರಶ್ನೆಗೆ ತಕ್ಕ ಸಾಕ್ಷ್ಯ ಹುಡುಕುವ ತನ್ನದೇ ಕೈಚಳಕವಿದೆ. ಯಾವ ಪ್ರಶ್ನೆಯ ಜೊತೆ ವರ್ಷಗಟ್ಟಲೆ ಇರಬಲ್ಲೆ, ಯಾವ ಬಗೆಯ ಸಾಕ್ಷ್ಯ ಕೂಡಿಸಲು ನನಗೆ ತಾಳ್ಮೆಯಿದೆ ಎಂದು ಕೇಳಿಕೊಂಡು ಆರಿಸಿದವರು ಚೆನ್ನಾಗಿ ಕಲಿಯುತ್ತಾರೆ ಎಂಬುದು ನನ್ನ ನಂಬಿಕೆ. ಮೌಳಂಗಿಯ ಸುತ್ತಮುತ್ತ, ಅಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಬೆಳೆದ ಹುಡುಗ ಹುಡುಗಿಯರಿಗೆ ಈ ಪ್ರಶ್ನೆಗಳು ಪುಸ್ತಕ ತೆರೆಯುವ ಮೊದಲೇ ಪರಿಚಿತ.

ಮೊದಲು ಆ ದಂಡೆಯ ಲೆಕ್ಕವನ್ನೇ ನೋಡೋಣ. 1947ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಇದೇ ಪ್ರಶ್ನೆ ಎದುರಾಗಿತ್ತು. ಉದ್ಯಾನಗಳಿಂದ ಜನರಿಗೆ ಆಗುವ ಲಾಭವನ್ನು ಹಣದಲ್ಲಿ ಅಳೆಯುವುದು ಹೇಗೆ ಎಂದು ಅದು ಅರ್ಥಶಾಸ್ತ್ರಜ್ಞರಿಗೆ ಬರೆದು ಕೇಳಿತು. ಹೆರಾಲ್ಡ್ ಹೋಟೆಲಿಂಗ್ ಎಂಬ ವಿದ್ವಾಂಸ ಒಂದು ಚಿಕ್ಕ ಪತ್ರದಲ್ಲಿ ಉತ್ತರಿಸಿದರು. ಉದ್ಯಾನದ ಸುತ್ತ ವರ್ತುಲಗಳನ್ನು ಎಳೆಯಿರಿ. ಒಂದೊಂದು ವರ್ತುಲದಿಂದ ಬಂದುಹೋಗಲು ತಗಲುವ ಖರ್ಚು ಹೆಚ್ಚುಕಡಿಮೆ ಒಂದೇ. ಆ ಖರ್ಚನ್ನೇ ಬೆಲೆ ಎಂದು ತಿಳಿದು, ಯಾವ ವರ್ತುಲದಿಂದ ಎಷ್ಟು ಜನ ಬರುತ್ತಾರೆಂದು ಎಣಿಸಿದರೆ ಬೇಡಿಕೆಯ ರೇಖೆ ತಾನಾಗಿ ಮೂಡುತ್ತದೆ, ಎಂಬುದು ಅದರ ಸಾರ. 1959ರಲ್ಲಿ ಮೇರಿಯನ್ ಕ್ಲಾಸನ್ ಇದನ್ನು ಬಳಕೆಗೆ ಬರುವ ವಿಧಾನವಾಗಿ ಬೆಳೆಸಿದರು. ಪ್ರಯಾಣ ವೆಚ್ಚದ ವಿಧಾನ ಎಂದು ಇದರ ಹೆಸರು.

ಮೌಳಂಗಿಗೆ ಇದನ್ನು ಹಚ್ಚಿ ನೋಡಬಹುದು. ಲೆಕ್ಕದ ಬಗೆ ತಿಳಿಯಲೆಂದು ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ದಾಂಡೇಲಿ, ಹಳಿಯಾಳದ ವರ್ತುಲದಿಂದ ಬರುವವರಿಗೆ ತಲೆಗೆ 100 ರೂಪಾಯಿ ಖರ್ಚು. ವರ್ಷಕ್ಕೆ ಸಾವಿರ ಜನಸಂಖ್ಯೆಗೆ 200 ಭೇಟಿ. ಹುಬ್ಬಳ್ಳಿ, ಧಾರವಾಡದಿಂದ 600 ರೂಪಾಯಿ. ಸಾವಿರಕ್ಕೆ 40 ಭೇಟಿ. ಬೆಂಗಳೂರಿನಿಂದ 4,000 ರೂಪಾಯಿ, ಸಾವಿರಕ್ಕೆ 3. ಈಗ ಗೇಟಿನಲ್ಲಿ 500 ರೂಪಾಯಿ ಶುಲ್ಕ ಹಾಕಿದರು ಎನ್ನಿ. ಹಳಿಯಾಳದವರಿಗೆ ಖರ್ಚು 600 ಆಗುತ್ತದೆ, ಅಂದರೆ ಇಂದಿನ ಹುಬ್ಬಳ್ಳಿಯವರಷ್ಟು. ಎರಡೂ ಕಡೆಯವರ ಆದಾಯ, ಅಭಿರುಚಿ ಒಂದೇ ರೀತಿ ಇದ್ದರೆ ಅವರೂ ಸಾವಿರಕ್ಕೆ 40ರಂತೆಯೇ ಬಂದಾರು. ಉಳಿದ 160 ಭೇಟಿಗಳು ನಿಲ್ಲುತ್ತವೆ. ಆದರೆ ಬಂದೇ ಬರುವ ಆ 40 ಭೇಟಿಗಳ ಬಗ್ಗೆ ಒಂದು ವಿಷಯ ಗೊತ್ತಾಯಿತು: ಇಂದು ಅವರು 100 ರೂಪಾಯಿಯಲ್ಲಿ ಪಡೆಯುತ್ತಿರುವ ಸಂತೋಷಕ್ಕೆ ಕಡಿಮೆಯೆಂದರೂ 600 ಕೊಡಲು ಸಿದ್ಧರಿದ್ದಾರೆ. ಕೊಡದೆ ಉಳಿದ ಆ 500 ಅವರ ಪಾಲಿನ ಲಾಭ. ಪಾಠದಲ್ಲಿ ಅನುಭೋಗಿಯ ಹೆಚ್ಚುವರಿ ಎಂದು ಓದಿ ಮರೆತದ್ದು ಇದನ್ನೇ. ಶುಲ್ಕವನ್ನು ಕಾಗದದ ಮೇಲೆ ಹಂತಹಂತವಾಗಿ ಏರಿಸುತ್ತ, ಎಲ್ಲ ವರ್ತುಲಗಳ ಹೆಚ್ಚುವರಿಯನ್ನು ಕೂಡಿಸುತ್ತ ಹೋದರೆ ದಂಡೆಯ ಬೆಲೆಯ ಒಂದು ಅಂದಾಜು ಸಿಗುತ್ತದೆ. ಯಾರಿಂದಲೂ ಒಂದು ಪೈಸೆ ಹೆಚ್ಚು ವಸೂಲು ಮಾಡದೆ, ಬರೀ ಗಾಡಿಯ ಊರು ಕೇಳಿ, ಬೇಡಿಕೆಯನ್ನು ಹೊರತೆಗೆದದ್ದು ಎಂಥ ಜಾಣತನ! ಇಷ್ಟು ಸರಳ ಸಾಮಗ್ರಿಯಿಂದ ಇಷ್ಟು ದೊಡ್ಡ ಉತ್ತರ ಎತ್ತುವ ಉಪಾಯಗಳು ಸಮಾಜ ವಿಜ್ಞಾನಗಳಲ್ಲಿ ವಿರಳ.

ನಿಜವಾದ ಕೆಲಸ ಇಲ್ಲಿಂದ ಮುಂದೆ. ಬೆಂಗಳೂರಿನಿಂದ ಬಂದ ಕುಟುಂಬ ಬರೀ ಮೌಳಂಗಿಗೆಂದು ಬಂದಿಲ್ಲ. ಅವರು ಗಣೇಶಗುಡಿಯಲ್ಲಿ ರ‍್ಯಾಫ್ಟಿಂಗ್ ಮಾಡುತ್ತಾರೆ, ಸಿಂಥೇರಿ ಬಂಡೆ ನೋಡುತ್ತಾರೆ, ಉಳವಿಯ ಚೆನ್ನಬಸವಣ್ಣನ ದರ್ಶನ ಮಾಡಿ ಹೋಗುತ್ತಾರೆ. 4,000 ರೂಪಾಯಿಯಲ್ಲಿ ಮೌಳಂಗಿಯ ಪಾಲೆಷ್ಟು? ದಾರಿಯಲ್ಲಿ ಕಳೆದ ಹೊತ್ತಿಗೂ ಬೆಲೆ ಕಟ್ಟಬೇಕು. ಅದು ಸಂಬಳದ ಮೂರರಲ್ಲಿ ಒಂದು ಭಾಗವೆಂದು ಹಿಡಿಯುವ ರೂಢಿಯಿದೆ. ಆದರೆ ದಾರಿಯೇ ಖುಷಿ ಕೊಡುವ ಕಾಡಿನ ರಸ್ತೆಗೆ ಅದು ಸರಿಯೇ? ಎಷ್ಟೋ ಸಂಶೋಧನಾ ಪ್ರಬಂಧಗಳು ಇಂಥ ಒಂದೊಂದೇ ತೊಡಕನ್ನು ಹಿಡಿದು ಕುಳಿತಿವೆ. ಇನ್ನು ಎಂದೂ ಬರದವರ ಮಾತು. ಕಾಳಿ ಕಣಿವೆಯಲ್ಲಿ ಹುಲಿ ಉಳಿಯಲಿ ಎಂದು ಬಯಸುವ ಮಂಡ್ಯದ ಶಿಕ್ಷಕಿ ಇಲ್ಲಿಗೆ ಕಾಲಿಡದೇ ಇರಬಹುದು. ಪ್ರಯಾಣ ವೆಚ್ಚದಲ್ಲಿ ಆಕೆಯ ಬಯಕೆ ಕಾಣುವುದೇ ಇಲ್ಲ. ಆಕೆಯನ್ನು ನೇರವಾಗಿಯೇ ಕೇಳಬೇಕಾಗುತ್ತದೆ. 1989ರಲ್ಲಿ ಅಲಾಸ್ಕಾದ ಕಡಲಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ಚೆಲ್ಲಿದ ಮೇಲೆ, ಹೀಗೆ ಕೇಳಿ ಪಡೆದ ಉತ್ತರಗಳನ್ನು ಪರಿಹಾರದ ಲೆಕ್ಕಕ್ಕೆ ನಂಬಬಹುದೇ ಎಂಬ ವಾದ ಎದ್ದಿತು. ನೊಬೆಲ್ ಪುರಸ್ಕೃತರಾದ ಕೆನೆತ್ ಆ್ಯರೋ ಮತ್ತು ರಾಬರ್ಟ್ ಸೋಲೋ ಅವರ ಮುಂದಾಳತ್ವದ ಸಮಿತಿ 1993ರಲ್ಲಿ, ಪ್ರಶ್ನೆಗಳನ್ನು ಕಟ್ಟುನಿಟ್ಟಾಗಿ ರೂಪಿಸಿದರೆ ನಂಬಬಹುದು ಎಂದು ಹೇಳಿ ಅದಕ್ಕೆ ನಿಯಮಗಳನ್ನು ಕೊಟ್ಟಿತು. ಒಂದು ಪ್ರಶ್ನೆಯನ್ನು ಹೇಗೆ ಕೇಳಬೇಕು ಎಂಬುದರ ಮೇಲೆ ಅಷ್ಟು ದೊಡ್ಡ ತಲೆಗಳು ಕೂತು ಯೋಚಿಸಿದವು.

ಪರಿಸರ ಅರ್ಥಶಾಸ್ತ್ರವನ್ನು ಆರಿಸುವವರು ಪರಿಸರ ವಿಜ್ಞಾನಿಗಳ ಪಕ್ಕದಲ್ಲಿ ಕೂರಲು ಕಲಿಯಬೇಕು. ಇದಕ್ಕೆ ಈ ಸೀಮೆಯ ಬಿದಿರಿಗಿಂತ ಒಳ್ಳೆಯ ಪಾಠವಿಲ್ಲ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಸ್ಥಾಪನೆಯಾಯಿತು. ಉತ್ತರ ಕನ್ನಡದ ಬಿದಿರು ಮಾರುಕಟ್ಟೆಯ ದರದ ಒಂದು ತುಣುಕಷ್ಟೇ ಬೆಲೆಗೆ ಕಾಗದಕ್ಕಾಗಿ ಹೋಗುತ್ತಿತ್ತು. ಬುಟ್ಟಿ ಹೆಣೆಯುವ ಮೇದಾರರು ಪೇಟೆಯ ದರವನ್ನೇ ತೆರಬೇಕಿತ್ತು. ಬಿದಿರು ಕಡಿಮೆಯಾದಾಗ ಅವರು ದೂರಿದರು. 1970ರ ದಶಕದಲ್ಲಿ ರಾಜ್ಯ ಸರ್ಕಾರದ ಕೋರಿಕೆಯಂತೆ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಕಾಡಿಗಿಳಿದು ಅಧ್ಯಯನ ಮಾಡಿದರು. ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳನ್ನು ತೆಗೆದು ಚೊಕ್ಕಟ ಮಾಡಿದರೆ ಬಿದಿರು ಚೆನ್ನಾಗಿ ಬರುತ್ತದೆ ಎಂಬ ತಿಳಿವಳಿಕೆಯಲ್ಲಿ ಆಗ ಕಡಿತದ ಜೊತೆ ಮುಳ್ಳನ್ನೂ ಸವರಲಾಗುತ್ತಿತ್ತು. ಆದರೆ ಎಳೆಯ ಕಳಲೆಯನ್ನು ದನ, ಮುಳ್ಳುಹಂದಿ, ಮುಸುವಗಳ ಬಾಯಿಂದ ಕಾಯುತ್ತಿದ್ದುದೇ ಆ ಮುಳ್ಳು. ಊರವರಿಗೆ ಇದು ಗೊತ್ತಿತ್ತು; ಅವರು ಹೇಳಿದ್ದು ಸರಿಯೆಂದು ಅಧ್ಯಯನ ಕಂಡುಕೊಂಡಿತು.

ಇದರಲ್ಲಿ ಅರ್ಥಶಾಸ್ತ್ರಜ್ಞನ ಪಾಲು ಯಾವುದು? ಬೆಲೆ ಎಂದರೆ ಕೊರತೆಯ ಸುದ್ದಿ. ಬಿದಿರು ತೀರುತ್ತಿದ್ದರೂ ಕೊಳ್ಳುವವರ ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ಏರದಿದ್ದರೆ ಸುದ್ದಿ ತಲುಪುವುದಿಲ್ಲ. ಮಿತವಾಗಿ ಬಳಸಲು, ನೆಟ್ಟು ಬೆಳೆಸಲು, ಬೇರೆ ಕಚ್ಚಾವಸ್ತು ಹುಡುಕಲು ಕಾರಣ ಹುಟ್ಟುವುದಿಲ್ಲ. ಸುದ್ದಿ ತಲುಪಿದ್ದು ಪೇಟೆಯಲ್ಲಿ ದುಬಾರಿ ಬಿದಿರು ಕೊಳ್ಳುತ್ತಿದ್ದ ಮೇದಾರನಿಗೆ ಮಾತ್ರ. ಕಾಡು ಎಷ್ಟು ಬೆಳೆಯಬಲ್ಲದು ಎಂಬುದನ್ನು ಪರಿಸರ ವಿಜ್ಞಾನಿ ಅಳೆದುಕೊಟ್ಟರೆ, ಯಾರು ಎಷ್ಟು ತೆತ್ತರು, ಯಾರ ನಷ್ಟ ಯಾರ ಲೆಕ್ಕಕ್ಕೆ ಬರದೇ ಹೋಯಿತು ಎಂಬುದನ್ನು ಅರ್ಥಶಾಸ್ತ್ರಜ್ಞ ಬಿಡಿಸಿ ತೋರಿಸಬೇಕು. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಅರ್ಧ.

ಬಿದಿರಿನ ಪಕ್ಕದಲ್ಲೇ ತೇಗ ಇದೆ. ತೇಗದ ಮರವನ್ನು ಯಾವಾಗ ಕಡಿಯಬೇಕು? ಎಳೆಯ ಮರದ ಬೆಲೆ ವರ್ಷವರ್ಷಕ್ಕೆ ಜೋರಾಗಿ ಏರುತ್ತದೆ, ಬಲಿತ ಮೇಲೆ ಏರಿಕೆ ನಿಧಾನವಾಗುತ್ತದೆ. ಕಡಿದು ಮಾರಿದ ಹಣಕ್ಕೆ ಬ್ಯಾಂಕಿನಲ್ಲಿ ಬಡ್ಡಿ ಬರುತ್ತದೆ. ಹಾಗಾಗಿ ಮರದ ಏರಿಕೆ ಬಡ್ಡಿಯ ಮಟ್ಟಕ್ಕೆ ಇಳಿದ ವರ್ಷ ಕೊಡಲಿ ಹಾಕಬೇಕು ಎಂಬುದು ಮೊದಲು ಹೊಳೆಯುವ ಉತ್ತರ. 1849ರಲ್ಲಿ ಮಾರ್ಟಿನ್ ಫೌಸ್ಟ್‌ಮನ್ ಎಂಬ ಜರ್ಮನ್ ಅರಣ್ಯಾಧಿಕಾರಿ ಇದರಲ್ಲಿ ಬಿಟ್ಟುಹೋದ ಒಂದಂಶವನ್ನು ಹಿಡಿದ: ಮರ ನಿಂತಿರುವ ನೆಲ. ಹಳೆಯ ಮರ ನಿಂತಷ್ಟು ಕಾಲ ಆ ಜಾಗದ ಹೊಸ ಸಸಿ ಕಾಯುತ್ತದೆ, ಅದರ ನಂತರದ ಸಸಿಯೂ ಕಾಯುತ್ತದೆ. ಹೀಗೆ ಕೊನೆಯಿಲ್ಲದ ಸರದಿಯ ನಷ್ಟವನ್ನೂ ಸೇರಿಸಿದರೆ ಕಡಿಯುವ ವರ್ಷ ಇನ್ನೂ ಸ್ವಲ್ಪ ಹಿಂದಕ್ಕೆ ಬರುತ್ತದೆ. ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರೇ ಈ ಲೆಕ್ಕದಲ್ಲಿ ಎಡವಿದ್ದರು, ಆ ಅರಣ್ಯಾಧಿಕಾರಿಯೇ ಸರಿ ಎಂದು 1976ರಲ್ಲಿ ಪಾಲ್ ಸ್ಯಾಮುಯೆಲ್ಸನ್ ವಿವರವಾಗಿ ಬರೆದರು. ಅದೇ ವರ್ಷ ರಿಚರ್ಡ್ ಹಾರ್ಟ್‌ಮನ್ ಇನ್ನೊಂದು ಪದ ಸೇರಿಸಿದರು. ನಿಂತ ಮರವೂ ಏನನ್ನೋ ಕೊಡುತ್ತಿರುತ್ತದೆ: ನೀರು ಹಿಡಿಯುತ್ತದೆ, ಮಣ್ಣು ಕಾಯುತ್ತದೆ, ಪ್ರಾಣಿಗೆ ನೆಲೆಯಾಗುತ್ತದೆ. ಅದನ್ನು ಸಮೀಕರಣದಲ್ಲಿ ಇಟ್ಟರೆ ಕಡಿಯುವ ವರ್ಷ ಮುಂದಕ್ಕೆ ಹೋಗುತ್ತದೆ. ಆ ಬೆಲೆ ಸಾಕಷ್ಟು ದೊಡ್ಡದಾದರೆ ಕಡಿಯದಿರುವುದೇ ಲಾಭದ ಉತ್ತರವಾಗುತ್ತದೆ. ಅಣಶಿ ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶವೆಂದು 2007ರಲ್ಲಿ ಘೋಷಣೆಯಾಗಿ 2015ರಲ್ಲಿ ಕಾಳಿಯ ಹೆಸರು ಪಡೆದ ಕಾಡಿನಲ್ಲಿ ನಿಂತು ಓದಿದರೆ ಆ ಸಮೀಕರಣದ ಪ್ರತಿ ಅಕ್ಷರವೂ ಕಣ್ಣೆದುರಿನ ವಸ್ತುವಾಗುತ್ತದೆ.

ಕಡಿದ ನಾಟಾ ದಾಂಡೇಲಿಯ ಡಿಪೋಗೆ ಬಂದು ಲಿಲಾವಿಗೆ ನಿಲ್ಲುತ್ತದೆ. ಲಿಲಾವಿನ ಸಿದ್ಧಾಂತವೇ ಒಂದು ಪ್ರತ್ಯೇಕ ಕವಲು. 2020ರ ನೊಬೆಲ್ ಪಾಲ್ ಮಿಲ್‌ಗ್ರಾಮ್ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ ಬಂದದ್ದು ಇದಕ್ಕೇ. ದಿಮ್ಮಿಯ ಒಳಗೆ ಪೊಟ್ಟರೆ ಇದೆಯೋ ಇಲ್ಲವೋ ಹೊರಗಿನಿಂದ ಪೂರ್ತಿ ಗೊತ್ತಾಗದು. ಹತ್ತು ಜನ ಅಂದಾಜು ಮಾಡಿ ಕೂಗಿದಾಗ ಗೆಲ್ಲುವವನು ಎಲ್ಲರಿಗಿಂತ ಹೆಚ್ಚು ಅಂದಾಜಿಸಿದವನು, ಅಂದರೆ ನಿಜದ ಬೆಲೆಗಿಂತ ಹೆಚ್ಚು ಕೊಟ್ಟಿರುವ ಸಂಭವ ಹೆಚ್ಚು ಇರುವವನು. ಅನುಭವಿ ವ್ಯಾಪಾರಿ ಇದನ್ನು ತಿಳಿದೇ ತನ್ನ ಕೂಗನ್ನು ಇಳಿಸಿಕೊಳ್ಳುತ್ತಾನೆ. ಗಣಿತ ಇಷ್ಟವಿದ್ದವರಿಗೆ ಇದು ಬಹಳ ಚಂದದ ದಾರಿ.

ನದಿಗೆ ಮರಳೋಣ. ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ನಿಂತಿದೆ. ಹಳೆಯ ಸೂಪಾ ಪೇಟೆ ನೀರಿನಡಿ ಹೋಯಿತು, ಅಲ್ಲಿಂದ ಎದ್ದವರಿಗೆ ರಾಮನಗರದಲ್ಲಿ ನೆಲೆ ಕೊಟ್ಟರು. ವೆಚ್ಚ ಮತ್ತು ಲಾಭದ ವಿಶ್ಲೇಷಣೆ ಎಂಬ ಪತ್ರಿಕೆಯನ್ನು ತರಗತಿಯಲ್ಲಿ ಓದುವಾಗ ಇಂಥ ಅಣೆಕಟ್ಟಿನ ಲೆಕ್ಕದಲ್ಲಿ ವಿದ್ಯುತ್ತಿನ ಸಾಲು ಸುಲಭವಾಗಿ ತುಂಬುತ್ತದೆ: ಇಷ್ಟು ಯೂನಿಟ್, ಇಷ್ಟು ದರ. ಮುಳುಗಿದ ಗದ್ದೆಯ ಸಾಲನ್ನೂ ಹೇಗೋ ತುಂಬಬಹುದು. ಪರಸ್ಪರ ಸಾಲ ಕೊಡುತ್ತಿದ್ದ, ಕೊಯ್ಲಿಗೆ ಕೈಜೋಡಿಸುತ್ತಿದ್ದ ನೆರೆಹೊರೆ ಒಡೆದದ್ದಕ್ಕೆ ಸಾಲು ಎಲ್ಲಿದೆ? ಒಳ್ಳೆಯ ವಿಶ್ಲೇಷಕರು ಆ ಸಾಲನ್ನು ಖಾಲಿ ಬಿಟ್ಟು ಸೊನ್ನೆ ಎಂದು ಓದಲು ಬಿಡುವುದಿಲ್ಲ. ಅಳೆಯಲಾಗದ್ದನ್ನು ಅಳೆಯಲಾಗದು ಎಂದು ಸ್ಪಷ್ಟವಾಗಿ ಬರೆದಿಡುವುದು ಈ ಕಸುಬಿನ ಪ್ರಾಮಾಣಿಕತೆ. ಇಂದು ಗಣೇಶಗುಡಿಯಲ್ಲಿ ರ‍್ಯಾಫ್ಟಿಂಗ್ ನಡೆಯುವುದೂ ಸೂಪಾದಿಂದ ಬಿಡುವ ನೀರನ್ನು ನಂಬಿಕೊಂಡೇ. ವಿದ್ಯುತ್ತಿಗೆ ಬೇಡಿಕೆ ಹೆಚ್ಚುವ ಹೊತ್ತು ಒಂದು, ಪ್ರವಾಸಿಗರು ದೋಣಿ ಹತ್ತುವ ಹೊತ್ತು ಇನ್ನೊಂದು. ನೀರು ಬಿಡುವ ವೇಳೆಯನ್ನು ಎರಡು ತಾಸು ಹಿಂದೆ ಮುಂದೆ ಮಾಡಿದರೆ ಯಾರಿಗೆ ಎಷ್ಟು ಹೋಗುತ್ತದೆ, ಯಾರಿಗೆ ಎಷ್ಟು ಬರುತ್ತದೆ? ರೊನಾಲ್ಡ್ ಕೋಸ್ 1960ರಲ್ಲಿ ಬರೆದ ಪ್ರಬಂಧ ಇಂಥ ತಕರಾರುಗಳನ್ನೇ ಕುರಿತದ್ದು. ಹಕ್ಕು ಯಾರದೆಂದು ನಿಚ್ಚಳವಾಗಿದ್ದು, ಮಾತುಕತೆಗೆ ಖರ್ಚು ಕಡಿಮೆಯಿದ್ದರೆ ಇಬ್ಬರೂ ಒಪ್ಪಂದಕ್ಕೆ ಬರಬಲ್ಲರು ಎಂಬುದನ್ನು ಅವರು ತೋರಿಸಿದರು. ಸಾವಿರಾರು ಜನ ನದಿಯನ್ನು ಹಂಚಿಕೊಂಡಿರುವಾಗ ಮಾತುಕತೆ ಎಷ್ಟು ಕಷ್ಟ ಎಂಬುದೂ ಅದರಿಂದಲೇ ತಿಳಿಯುತ್ತದೆ. ಆ ಕಷ್ಟವನ್ನು ದಾಟಿದ ಊರುಗಳೂ ಇವೆ. ಇದೇ ಜಿಲ್ಲೆಯ ಕುಮಟಾ ಬಳಿಯ ಹಳಕಾರದಲ್ಲಿ ಊರವರೇ ಗ್ರಾಮ ಅರಣ್ಯವನ್ನು ದಶಕಗಳ ಕಾಲ ಕಾಯ್ದುಕೊಂಡರು. ಇಂಥ ಏರ್ಪಾಡುಗಳನ್ನು ಜಗತ್ತಿನ ಹಲವೆಡೆ ಹುಡುಕಿ, ಅವು ಯಾವ ನಿಯಮಗಳಿಂದ ಬಾಳುತ್ತವೆ ಎಂದು ವಿವರಿಸಿದ್ದಕ್ಕೆ ಎಲಿನರ್ ಆಸ್ಟ್ರಮ್ ಅವರಿಗೆ 2009ರ ನೊಬೆಲ್ ಬಂತು.

ಕೃಷಿ ಅರ್ಥಶಾಸ್ತ್ರದ ಬಗ್ಗೆ ಹಳಿಯಾಳದವರಿಗೆ ಹೆಚ್ಚು ಹೇಳಬೇಕಿಲ್ಲ. ಭತ್ತ ಬಿಟ್ಟು ಕಬ್ಬು ಹಾಕಲೇ, ಮುಂಡಗೋಡದ ರೈತ ಗೋವಿನಜೋಳಕ್ಕೆ ಹೋಗಲೇ, ಜೋಯಿಡಾದ ಕುಣಬಿಯರ ಗೆಡ್ಡೆಗೆಣಸಿಗೆ ದೂರದ ಪೇಟೆ ಹುಡುಕಲೇ ಎಂಬ ಪ್ರಶ್ನೆಗಳಿಗೆ ಅಪಾಯ, ಸಾಲ, ಸಾಗಣೆ ಮೂರನ್ನೂ ಕೂಡಿಸಿ ಉತ್ತರಿಸಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಿಂದ ಹತ್ತಿರದಲ್ಲೇ ಇದೆ.

ಇಡೀ ನಾಡನ್ನು ಒಟ್ಟಿಗೆ ಅಳೆಯುವ ಆಸೆಯಿದ್ದವರಿಗೆ ನಮ್ಮಲ್ಲೇ ಹಿರಿಯ ಮಾದರಿಗಳಿವೆ. ಕೇಂಬ್ರಿಜ್‌ನಲ್ಲಿ ಓದಿ ಬಂದ ವಿ.ಕೆ.ಆರ್.ವಿ. ರಾವ್ ಬ್ರಿಟಿಷರ ಕಾಲದಲ್ಲೇ ಭಾರತದ ರಾಷ್ಟ್ರೀಯ ಆದಾಯವನ್ನು ಅಂದಾಜಿಸಿದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸಿದ ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ತೂಗಿ 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಸೂಚ್ಯಂಕ ಕಟ್ಟುವುದರಲ್ಲಿ ಬಹಳ ಸೂಕ್ಷ್ಮವಿದೆ. ಜೋಯಿಡಾದಂತೆ ವಿಸ್ತಾರ ದೊಡ್ಡದಾಗಿ ಜನ ವಿರಳವಾದ ತಾಲ್ಲೂಕಿನಲ್ಲಿ ಲಕ್ಷ ಜನಕ್ಕೆ ಇಷ್ಟು ಆಸ್ಪತ್ರೆ ಎಂದು ಭಾಗಿಸಿದರೆ ಅಂಕಿ ಚೆನ್ನಾಗಿಯೇ ಕಾಣಬಹುದು. ಬಸುರಿ ಹೆಂಗಸು ಹೆರಿಗೆಗೆ ಎಷ್ಟು ದೂರ ಹೋಗಬೇಕು ಎಂದು ಕೇಳಿದರೆ ಚಿತ್ರ ಬದಲಾಗುತ್ತದೆ. ಭಾಗಿಸುವ ಸಂಖ್ಯೆಯನ್ನು ಆರಿಸುವಲ್ಲೇ ಅರ್ಧ ನ್ಯಾಯ ತೀರ್ಮಾನವಾಗಿರುತ್ತದೆ.

ಯಾವ ಕವಲು ಹಿಡಿದರೂ ಅರ್ಥಮಿತಿ ತಪ್ಪದು. ಹುಲಿ ಸಂರಕ್ಷಿತ ಪ್ರದೇಶದ ಘೋಷಣೆಯಿಂದ ಅಂಚಿನ ಊರುಗಳ ಆದಾಯ ಇಳಿಯಿತೇ, ಏರಿತೇ? 2007ಕ್ಕೆ ಮೊದಲು ಮತ್ತು ಆಮೇಲೆ ಎಂದು ಹೋಲಿಸಿದರೆ ಸಾಲದು. ಆ ವರ್ಷಗಳಲ್ಲಿ ಮೊಬೈಲು, ರಸ್ತೆ, ಹೋಂಸ್ಟೇ, ಗೋವಾದ ಕೂಲಿ ಎಲ್ಲವೂ ಬದಲಾದವು. ಅದೇ ಬಗೆಯ, ಆದರೆ ಗಡಿಯಿಂದ ಹೊರಗುಳಿದ ಊರುಗಳಲ್ಲಿ ಆದ ಬದಲಾವಣೆಯನ್ನು ಮೊದಲು ಅಳೆದು, ಗಡಿಯೊಳಗಿನ ಬದಲಾವಣೆಯಿಂದ ಅದನ್ನು ಕಳೆಯಬೇಕು. ಉಳಿದದ್ದು ಘೋಷಣೆಯ ಪರಿಣಾಮ, ಅದೂ ಎರಡು ಕಡೆಯ ಊರುಗಳು ಮೊದಲಿನಿಂದ ಒಂದೇ ಜಾಡಿನಲ್ಲಿ ಸಾಗುತ್ತಿದ್ದವೆಂದು ತೋರಿಸಬಲ್ಲೆವಾದರೆ. ಕಾರಣವನ್ನೂ ಕಾಕತಾಳೀಯವನ್ನೂ ಬೇರ್ಪಡಿಸುವ ಈ ಬಗೆಯ ಜಾಣ್ಮೆಗೆ ಸಂದದ್ದು 2021ರ ನೊಬೆಲ್. ಡೇವಿಡ್ ಕಾರ್ಡ್, ಜೋಶುವಾ ಆಂಗ್ರಿಸ್ಟ್ ಮತ್ತು ಗೈಡೋ ಇಂಬೆನ್ಸ್ ಅದನ್ನು ಹಂಚಿಕೊಂಡರು.

ಆದ್ದರಿಂದ ಪದವಿಯಲ್ಲೇ ಅರ್ಥಶಾಸ್ತ್ರದ ಜೊತೆಗೆ ಗಣಿತ ಅಥವಾ ಸಂಖ್ಯಾಶಾಸ್ತ್ರವನ್ನು ಇಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಕಲಾ ವಿಭಾಗದ ಮಕ್ಕಳು ಗಣಿತಕ್ಕೆ ಹೆದರಿ ದೂರ ಉಳಿದರೆ ಎಂ.ಎ.ಯ ಒಳ್ಳೆಯ ಬಾಗಿಲುಗಳು ಅರ್ಧ ಮುಚ್ಚಿಕೊಳ್ಳುತ್ತವೆ. ಅವಕಲನ, ಸ್ವಲ್ಪ ಮಾತೃಕೆ, ಸಂಭವನೀಯತೆ ಇಷ್ಟನ್ನು ದಿನಕ್ಕೆ ಒಂದು ತಾಸಿನಂತೆ ಕೂತು ಕಲಿಯಬಹುದು. ಪಿಯುಸಿಯಲ್ಲಿ ಓದದಿದ್ದವರೂ ಕಲಿತಿದ್ದಾರೆ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷಿನ ಪುಸ್ತಕ ಕಂಡು ಅಳುಕಬೇಕಿಲ್ಲ, ಏಕೆಂದರೆ ರೇಖಾಚಿತ್ರ ಮತ್ತು ಸಮೀಕರಣಗಳು ಅರ್ಧ ದಾರಿ ಕೈಹಿಡಿದು ಕರೆದೊಯ್ಯುತ್ತವೆ. ಉತ್ತರ ಕನ್ನಡದವರಿಗೆ ಧಾರವಾಡ ಸಹಜವಾದ ಮೊದಲ ನಿಲ್ದಾಣ. ಬೆಂಗಳೂರಿನಲ್ಲಿ 2017ರಲ್ಲಿ ಆರಂಭವಾದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ. ಪುಣೆಯಲ್ಲಿ 1930ರ ಗೋಖಲೆ ಸಂಸ್ಥೆಯಿದೆ. ಅರಣ್ಯದ ಕಡೆ ಒಲವಿದ್ದವರು ಶಿರಸಿಯ ಅರಣ್ಯ ಕಾಲೇಜಿನ ಅಧ್ಯಾಪಕರನ್ನು ಹೋಗಿ ಮಾತಾಡಿಸಬಹುದು. ಕೇಂದ್ರ ಲೋಕಸೇವಾ ಆಯೋಗ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕು; ಯಾವ ಐಚ್ಛಿಕ ವಿಷಯ ಓದಿದ್ದೀರಿ ಎಂಬುದಕ್ಕಿಂತ ಬುನಾದಿ ಗಟ್ಟಿಯಿದೆಯೇ ಎಂದು ಅದು ನೋಡುತ್ತದೆ.

ಆಯ್ಕೆಯ ಮೊದಲು ಒಂದು ಬೇಸಿಗೆ ರಜೆಯನ್ನು ಪರೀಕ್ಷೆಗೆ ಮೀಸಲಿಡಿ. ಅಧ್ಯಾಪಕರಿಗೆ ಹೇಳಿ, ಇಲಾಖೆಯ ಅನುಮತಿ ಪಡೆದು, ಒಂದು ಪುಟದ ಪ್ರಶ್ನಾವಳಿ ಹಿಡಿದು ಮೌಳಂಗಿಯ ಗೇಟಿನ ಬಳಿ ಕೂರಬಹುದು. ಡಿಪೋದ ಲಿಲಾವಿನ ದರಗಳನ್ನು ಬರೆದುಕೊಳ್ಳಬಹುದು. ಹಳಿಯಾಳದ ಹತ್ತು ಮನೆಗಳಲ್ಲಿ ಭತ್ತ ಮತ್ತು ಕಬ್ಬಿನ ಖರ್ಚನ್ನು ಕೇಳಬಹುದು. ಸಂಜೆ ಅಂಕಿಗಳನ್ನು ಹಾಳೆಗೆ ಇಳಿಸುವಾಗ ಯಾವುದರಲ್ಲಿ ಊಟದ ಹೊತ್ತು ಮರೆಯುತ್ತದೋ ಆ ಕವಲಿನ ಪತ್ರಿಕೆಗೆ ಹೆಸರು ಕೊಡಿ. ನಾಲ್ಕನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ಬೇಕಾದ ಸಾಮಗ್ರಿಯ ಮೊದಲ ಕಂತೂ ಅಷ್ಟರಲ್ಲಿ ಕೈಯಲ್ಲಿರುತ್ತದೆ.